ಉಪ್ಪಿನ ಗಣಿಯೊಳಗಿನ ಚರ್ಚ್‌ಗೆ ಅಮ್ಮನನ್ನು ಇಳಿಸುವುದು ಹೇಗೆ? ಸಹಾಯ ಬೇಕು

ನಮಸ್ಕಾರ. ಮುಂದಿನ ತಿಂಗಳು ಅಮ್ಮನ ಜೊತೆ ಪೋಲೆಂಡಿನ ಕ್ರಾಕೋವ್‌ಗೆ ಹೋಗುತ್ತಿದ್ದೇನೆ. ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿಯಲ್ಲಿ, 101 ಮೀಟರ್ ಆಳದಲ್ಲಿ, ಸಂತ ಕಿಂಗಾ ಚರ್ಚ್ ಇದೆ. 1896ರಿಂದ ಗಣಿ ಕಾರ್ಮಿಕರೇ ಕೆತ್ತಿದ್ದು. ನೆಲ, ಗೋಡೆಯ ಶಿಲ್ಪ, ತೂಗುದೀಪದ ಹರಳು ಎಲ್ಲವೂ ಉಪ್ಪು! ಅಮ್ಮ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ.

ಆದರೆ ಅವರಿಗೆ ಮಂಡಿ ನೋವು. ಶುರುವಿನಲ್ಲೇ ಸುಮಾರು 380 ಮೆಟ್ಟಿಲು ಇಳಿಯಬೇಕು, ಒಟ್ಟು 800. ಮೇಲೆ ಬರಲು ಮಾತ್ರ ಲಿಫ್ಟ್. ಟ್ರಾವೆಲ್ ಏಜೆಂಟ್ ಹತ್ತಿರ ಎರಡು ಸಲ ಕೇಳಿದೆ, "ನಿಧಾನವಾಗಿ ಇಳಿದರಾಯ್ತು" ಅಂದರು. ಆನ್‌ಲೈನ್‌ನಲ್ಲೂ ಹುಡುಕಿದೆ. ವೀಲ್‌ಚೇರ್‌ನವರಿಗೆ ಬೇರೆ ದಾರಿ ಇದೆಯಂತೆ. ಅಮ್ಮ ವೀಲ್‌ಚೇರ್ ಬಳಸಲ್ಲ, ಸಮನೆಲದಲ್ಲಿ ಚೆನ್ನಾಗೇ ನಡೆಯುತ್ತಾರೆ. ಗೊಂದಲ ಅಲ್ಲೇ.

ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ: ಇಂಥವರಿಗೂ ಇಳಿಯಲು ಲಿಫ್ಟ್ ಕೊಡುತ್ತಾರಾ? ಅದಕ್ಕೆ ಮುಂಚೆಯೇ ಬುಕ್ ಮಾಡಬೇಕಾ?