ಸಹಾಯ ಬೇಕು: ಚಿಕ್ಕು ಮರಕ್ಕೆ ಬಲೆ ಬಿಟ್ಟು ಬೇರೆ ಉಪಾಯ ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳ್ಳಿ. ಹಿತ್ತಲಲ್ಲಿ ಎರಡು ಚಿಕ್ಕು, ಒಂದು ಪೇರಲೆ, ಚಪ್ಪರಕ್ಕೆ ಹೀರೆ, ಹಾಗಲ. ಮಂಗನ ವಿಷಯ ಕೇಳ್ತಿಲ್ಲ, ಅದಕ್ಕೆ ಉತ್ತರ ಇದ್ದಿದ್ರೆ ಮಲೆನಾಡಲ್ಲಿ ಇಷ್ಟು ಜನ ತರಕಾರಿ ಬೆಳೆಯೋದು ಬಿಡ್ತಿರಲಿಲ್ಲ.

ನನ್ನ ತೊಂದರೆ ಬಾವಲಿ. ರಾತ್ರಿ ಬಂದು ಕಾಯಿ ಕಚ್ಚಿ ಬೀಳಿಸ್ತವೆ. ಕೆಳಗಿನ ಕೊಂಬೆಗೆಲ್ಲ ನೈಲಾನ್ ಬಲೆ ಹಾಕಿದ್ದೆ, ತುದಿ ನೆಲದ ಮೇಲೇ ಬಿದ್ದಿತ್ತು. ಹೋದ ವಾರ ಬೆಳಿಗ್ಗೆ ನೋಡಿದ್ರೆ ಅದರಲ್ಲಿ ಆರಡಿ ಉದ್ದದ ಕೇರೆ ಹಾವು. ಎಳೆದಷ್ಟೂ ದಾರ ಹುರುಪೆಯೊಳಗೆ ಹೂತುಹೋಗಿತ್ತು. ಅಪ್ಪಯ್ಯ ತಲೆ ಮೇಲೆ ಒದ್ದೆ ಗೋಣಿ ಹಾಕಿ ಹಿಡ್ಕೊಂಡ್ರು, ನಾನು ಉಗುರು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಮುಕ್ಕಾಲು ಗಂಟೆ! ಬದುಕಿ ಹೋಯ್ತು, ಪುಣ್ಯ. ಇಲಿ ಹಿಡಿಯೋ ಹಾವನ್ನೇ ಕೊಂದು ತೋಟ ಮಾಡೋದು ನನಗಂತೂ ಬೇಡ. ಬಲೆ ತೆಗೆದಿಟ್ಟಿದ್ದೇನೆ.

ಗೊಂಚಲಿಗೆ ಹಳೇ ಪಂಚೆ ಬಟ್ಟೆಯ ಚೀಲ ಕಟ್ಟಿದವರು ಇದ್ದೀರಾ? ಮಳೆಗೆ ಕಾಯಿ ಕೊಳೆಯುತ್ತಾ? ಚಿಕ್ಕು ಬಲಿತದ್ದು ಗೊತ್ತಾಗೋಕೆ ನಾನು ಉಗುರಲ್ಲಿ ಕೆರೆದು ನೋಡ್ತೇನೆ, ಹಸಿರು ಕಂಡ್ರೆ ಬಿಡ್ತೇನೆ. ಇನ್ನೂ ಸ್ವಲ್ಪ ಮುಂಚೆ ಕೊಯ್ದು ಹುಲ್ಲಲ್ಲಿ ಇಟ್ರೆ ರುಚಿ ಬರುತ್ತಾ?

ಇನ್ನೊಂದು. ಹಣ್ಣುನೊಣಕ್ಕೆ ಮಿಥೈಲ್ ಯುಜಿನಾಲ್ (ಗಂಡು ನೊಣ ಸೆಳೆಯೋ ವಾಸನೆ ಮದ್ದು) ಡಬ್ಬಿ ನೇತುಹಾಕಿದ್ದೆ. ಪೇರಲೆಗೆ ಪರವಾಗಿಲ್ಲ, ಹೀರೆಕಾಯಿ ಮಾತ್ರ ಸೊಟ್ಟಗಾಗಿ ಒಳಗೆಲ್ಲ ಹುಳ. ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲೂರ್ ಅನ್ನೋ ಬೇರೆ ಮದ್ದು ಬೇಕಂತೆ. ನಾಲ್ಕು ಬಳ್ಳಿಗೆ ಒಂದು ಡಬ್ಬಿ ಸಾಕಾಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.