ಸಹಾಯ ಬೇಕು: ಕನ್ನಡದಲ್ಲಿ ಕಾಪಿರೈಟಿಂಗ್ ಕಲಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಥೆ, ಪ್ರಬಂಧ ಬರೆಯುವ ಅಭ್ಯಾಸ ಇದೆ. ಈಗ ಜಾಹೀರಾತು ಬರವಣಿಗೆ ಕಲಿಯಬೇಕು ಅಂತ ತುಂಬಾ ಆಸೆ. ನಮ್ಮ ಅತ್ತೆ ಧಾರವಾಡದಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಅವರ ಗಿರಾಕಿಗಳಿಗೆ ಕಳಿಸುವ ಎಸ್ಸೆಮ್ಮೆಸ್‌ನಿಂದಲೇ ಶುರು ಮಾಡಿದ್ದೇನೆ.

ಕಷ್ಟ ಇರುವುದು ಜಾಗದ್ದು. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡದಲ್ಲಿ ಸಾಮಾನ್ಯವಾಗಿ 70 ಮಾತ್ರ. ಗುಣಿತದ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಟ್ನಿ’ ಅಂದರೇ 4 ಆಯ್ತು! ಮಿತಿ ದಾಟಿದರೆ ಎರಡು ಮೆಸೇಜಿನ ದುಡ್ಡು.

ನಾನು ಬರೆದದ್ದು ಇದು:

“ಬಿಸಿ ರೊಟ್ಟಿ ಇದೆಯಾ? ಹೊಸ ಶೇಂಗಾ ಚಟ್ನಿಪುಡಿ ರೆಡಿ. ಕಾಲು ಕೆಜಿಗೆ 120 ರೂ.”

ಇದೇ 64 ಆಗುತ್ತದೆ. ಅಂಗಡಿ ಹೆಸರಿಗೆ ಜಾಗವೇ ಇಲ್ಲ. ಏನು ತೆಗೆಯಲಿ? ರೊಟ್ಟಿಯ ಸಾಲು ಬಿಡಲು ಮನಸ್ಸಿಲ್ಲ, ಓದಿದ ಕೂಡಲೇ ಬಾಯಲ್ಲಿ ನೀರು ಬರಬೇಕು ಅಲ್ವಾ? ಬೆಲೆ ತೆಗೆದರೆ ಜನ ಫೋನ್ ಮಾಡಿ ಕೇಳುತ್ತಾರಾ, ಸುಮ್ನೆ ಬಿಟ್ಟುಬಿಡುತ್ತಾರಾ?

ಇನ್ನೊಂದು ವಿಷಯ. ಕೆಲಸ ಕೇಳಲು ಹೋದಾಗ ಇಂಥ ಸಣ್ಣ ಬರಹಗಳನ್ನೇ ಮಾದರಿಯಾಗಿ ತೋರಿಸಬಹುದಾ? ಜಾಹೀರಾತು ಏಜೆನ್ಸಿಯಲ್ಲಿ ಕನ್ನಡ ಕಾಪಿ ಬರೆಯುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಮೇಲಿನ ಸಾಲುಗಳನ್ನು ನೀವೇ ತಿದ್ದಿ ತೋರಿಸಿದರೆ ಇನ್ನೂ ಖುಷಿ.