ಉಚಿತ ಪಠ್ಯಪುಸ್ತಕಗಳು ರಾಶಿಯಾಗಿವೆ, ಒಂದೂ ಮುಗಿಯುತ್ತಿಲ್ಲ: ಆರಿಸುವುದು ಹೇಗೆ?

ಹೊಸ ಓದುಗ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಓದು ಬಿಟ್ಟು ಹಲವು ವರ್ಷಗಳಾದ ಮೇಲೆ ಸಂಖ್ಯಾಶಾಸ್ತ್ರವನ್ನೂ ಕಲನಶಾಸ್ತ್ರವನ್ನೂ (ಕ್ಯಾಲ್ಕುಲಸ್) ನನ್ನಷ್ಟಕ್ಕೆ ನಾನೇ ಕಲಿಯಲು ಹೊರಟಿದ್ದೇನೆ. ಸಾಮಗ್ರಿಗೆ ಕೊರತೆಯಿಲ್ಲ, ಇಳಿಸಿಕೊಂಡ 40ಕ್ಕೂ ಹೆಚ್ಚು ಪಿಡಿಎಫ್‌ಗಳು ಒಂದು ಫೋಲ್ಡರಿನಲ್ಲಿ ಬಿದ್ದಿವೆ. ಆದರೆ ಎರಡನೆಯ ಅಧ್ಯಾಯ ಕಷ್ಟವೆನಿಸಿದೊಡನೆ ಇದಕ್ಕಿಂತ ಸುಲಭವಾದದ್ದು ಇದ್ದೀತೆಂದು ಇನ್ನೊಂದನ್ನು ಹುಡುಕತೊಡಗುತ್ತೇನೆ. ಹೀಗಾಗಿ ಮೊದಲ ಅಧ್ಯಾಯಗಳನ್ನಷ್ಟೇ ಹಲವು ಬಾರಿ ಓದಿದಂತಾಗಿದೆ. ಕಲಿಸುವವರಿಲ್ಲದೆ ಓದುವವನಿಗೆ ತಕ್ಕ ಪುಸ್ತಕವನ್ನು ಗುರುತಿಸುವುದು ಹೇಗೆ? ಇವುಗಳಲ್ಲಿ ಯಾವುದು ನಿಜಕ್ಕೂ ಉಚಿತ, ಯಾವುದು ಅನಧಿಕೃತ ಪ್ರತಿ ಎಂಬುದನ್ನು ತಿಳಿಯುವ ಬಗೆ ಯಾವುದು? ಬಲ್ಲವರು ದಯವಿಟ್ಟು ತಿಳಿಸಿ.

ಲೆಕ್ಕದ ಹಾಳೆ:
ಪುಸ್ತಕವನ್ನು ಮೊದಲ ಪುಟದಿಂದ ಪರೀಕ್ಷಿಸಬೇಡಿ, ಕೊನೆಯಿಂದ ಪರೀಕ್ಷಿಸಿ. ಒಬ್ಬರೇ ಕೂತು ಕಲಿಯುವವರಿಗೆ ತಪ್ಪನ್ನು ತೋರಿಸಿಕೊಡುವವರು ಯಾರೂ ಇರುವುದಿಲ್ಲವಾದ್ದರಿಂದ, ಉತ್ತರಗಳಿಲ್ಲದ ಅಭ್ಯಾಸ ಲೆಕ್ಕಗಳಿಂದ ಅರ್ಧ ಪ್ರಯೋಜನ ಮಾತ್ರ. ಅಮೆರಿಕದ ರೈಸ್ ವಿಶ್ವವಿದ್ಯಾಲಯವು 2012ರಲ್ಲಿ ಆರಂಭಿಸಿದ ಉಚಿತ ಪಠ್ಯಪುಸ್ತಕಗಳ ಯೋಜನೆಯಾದ ಓಪನ್‌ಸ್ಟ್ಯಾಕ್ಸ್‌ನ ಅನೇಕ ಗಣಿತ ಪುಸ್ತಕಗಳಲ್ಲಿ ಬೆಸ ಸಂಖ್ಯೆಯ ಲೆಕ್ಕಗಳಿಗೆ ಉತ್ತರಗಳು ಕೊನೆಯಲ್ಲಿರುತ್ತವೆ. ಪೂರ್ಣ ಉತ್ತರಗಳು ಬೋಧಕರಿಗೆ ಮಾತ್ರ ದೊರೆಯುತ್ತವೆ. ಆದ್ದರಿಂದ ನೀವು ಬೆಸ ಸಂಖ್ಯೆಯವನ್ನೇ ಹಿಡಿದು ಮಾಡಿ, ಸಮ ಸಂಖ್ಯೆಯವನ್ನು ಸಂಕೋಚವಿಲ್ಲದೆ ಬಿಟ್ಟುಬಿಡಿ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯವು ತನ್ನ ಪಾಠಗಳ ಸಾಮಗ್ರಿಯನ್ನು ಉಚಿತವಾಗಿ ಅಂತರಜಾಲದಲ್ಲಿ ಇಡುವ ಓಪನ್‌ಕೋರ್ಸ್‌ವೇರ್ ಯೋಜನೆಯನ್ನು 2001ರಲ್ಲಿಯೇ ಪ್ರಕಟಿಸಲಾಗಿತ್ತು. ಅಲ್ಲಿ ನೋಂದಣಿಯೂ ಬೇಡ, ಪ್ರಮಾಣಪತ್ರವೂ ಇಲ್ಲ. ಹೆಚ್ಚಿನವರು ವೀಡಿಯೊಗಳನ್ನು ನೋಡಿ ಮುಗಿಸುತ್ತಾರೆ, ಆದರೆ ನನ್ನ ಅನುಭವದಲ್ಲಿ ಆ ತಾಣದ ನಿಜವಾದ ಸಂಪತ್ತೆಂದರೆ ಅಭ್ಯಾಸ ಲೆಕ್ಕಗಳು ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು. ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠಕ್ಕೆ ಇವೆರಡೂ ಉತ್ತರಗಳ ಸಮೇತ ಇವೆ. ಎಲ್ಲ ಪಾಠಗಳಿಗೂ ಹೀಗಿರುವುದಿಲ್ಲವಾದ್ದರಿಂದ ತೊಡಗುವ ಮೊದಲು ನೋಡಿಕೊಳ್ಳಿ.

ನನಗೇ ಆದದ್ದನ್ನು ಹೇಳುತ್ತೇನೆ. ಸಂಯುಕ್ತ ಫಲನದ, ಅಂದರೆ ಒಂದು ಫಲನದೊಳಗೆ ಇನ್ನೊಂದು ಫಲನವಿರುವುದರ, ಅವಕಲನದ ನಿಯಮವನ್ನು (ಚೈನ್ ರೂಲ್) ಮೂರು ಸಲ ಓದಿ, ಅರ್ಥವಾಯಿತೆಂದೇ ನಂಬಿದ್ದೆ. ಆಮೇಲೆ ಸೈನ್ (ಎಕ್ಸ್ ವರ್ಗ) ಎಂಬುದರ ಅವಕಲನಾಂಕವನ್ನು ಕಾಸ್ (ಎಕ್ಸ್ ವರ್ಗ) ಎಂದು ಬರೆದು ಪುಸ್ತಕದ ಕೊನೆಯನ್ನು ತಿರುವಿ ನೋಡಿದರೆ, ಅಲ್ಲಿನ ಉತ್ತರದಲ್ಲಿ ಅದರ ಹಿಂದೆ 2 ಎಕ್ಸ್ ಎಂಬ ಗುಣಕವಿತ್ತು. ಒಳಗಿನ ಫಲನದ ಅವಕಲನಾಂಕದಿಂದ ಗುಣಿಸುವುದನ್ನೇ ಬಿಟ್ಟಿದ್ದೆ. ಆ ಒಂದು ಸಾಲಿನ ಉತ್ತರ ಇರದಿದ್ದರೆ ನಾನು ಆ ತಪ್ಪನ್ನು ಹೊತ್ತುಕೊಂಡೇ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆ.

ಗ್ರಂಥಪಾಲಕಿ:
ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಉಚಿತವಾಗಿ ಸಿಗುತ್ತಿದೆ ಎಂದ ಮಾತ್ರಕ್ಕೆ ಹಂಚಲು ಅನುಮತಿ ಇದೆಯೆಂದಲ್ಲ. ಪುಸ್ತಕದ ಮೊದಲ ಪುಟಗಳಲ್ಲಿ ಪರವಾನಗಿಯ ವಿವರವನ್ನು ಹುಡುಕಿ. ಕರ್ತೃವೇ ತನ್ನ ಕೃತಿಯನ್ನು ಇತರರು ಹಂಚಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಬಳಕೆಯಲ್ಲಿವೆ: ‘ಬಿವೈ’ ಎಂದರೆ ಕರ್ತೃವಿನ ಹೆಸರನ್ನು ಸೂಚಿಸಬೇಕು, ‘ಎನ್‌ಸಿ’ ಎಂದರೆ ವಾಣಿಜ್ಯಕ್ಕೆ ಬಳಸಬಾರದು, ‘ಎನ್‌ಡಿ’ ಎಂದರೆ ಮಾರ್ಪಡಿಸಿದ್ದನ್ನು ಹಂಚಬಾರದು, ‘ಎಸ್‌ಎ’ ಎಂದರೆ ಮಾರ್ಪಡಿಸಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಇಂಥ ಸೂಚನೆಯೇನೂ ಕಾಣದಿದ್ದರೆ, ಲೇಖಕರ ಅಥವಾ ಪ್ರಕಾಶಕರ ಸ್ವಂತ ತಾಣದಲ್ಲಿಯೇ ಆ ಪ್ರತಿ ಇದೆಯೇ ಎಂದು ನೋಡಿ. ಅಲ್ಲಿಯೂ ಇಲ್ಲವೆಂದರೆ ಅದನ್ನು ಬಿಡುವುದೇ ಸರಿ.

ಮೈಕೆಲ್ ಹಾರ್ಟ್ ಅವರು 1971ರಲ್ಲಿ ತೊಡಗಿದ, ಉಚಿತ ಇ-ಪುಸ್ತಕಗಳ ಭಂಡಾರವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿರುವ ಪುಸ್ತಕಗಳಲ್ಲಿ ಬಹುಪಾಲು ಅಮೆರಿಕದಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದವು. ಇತರ ದೇಶಗಳಲ್ಲಿ ಅವಧಿ ಬೇರೆಯಿರಬಹುದು. ಸಾಹಿತ್ಯಕ್ಕೆ ಅದಕ್ಕಿಂತ ಒಳ್ಳೆಯ ಭಂಡಾರ ನನಗೆ ಗೊತ್ತಿಲ್ಲ. ಸಂಖ್ಯಾಶಾಸ್ತ್ರದಂಥ ವಿಷಯಕ್ಕೆ ಮಾತ್ರ ನೂರು ವರ್ಷ ಹಿಂದಿನ ಪುಸ್ತಕವನ್ನು ಮೊದಲ ಓದಿಗೆ ಆರಿಸಿಕೊಳ್ಳಬೇಡಿ, ಏಕೆಂದರೆ ಸಂಕೇತಗಳೂ ವಿಧಾನಗಳೂ ಬಹಳವಾಗಿ ಬದಲಾಗಿವೆ. ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಎರವಲಾಗಿ ಮಾತ್ರ ಸಿಗುವ ಪುಸ್ತಕಗಳೂ ಇವೆ. ಅವನ್ನು ಅವಧಿ ಮುಗಿದವುಗಳೊಂದಿಗೆ ಬೆರೆಸಬೇಡಿ.

ನೆನಪಿನ ವಿದ್ಯಾರ್ಥಿ:
ಒಂದೇ ಮಾತು ಸೇರಿಸುತ್ತೇನೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ಯಭಾಗವನ್ನು ಮತ್ತೆ ಓದಿದವರು 5 ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ನೋಡಿದಾಗ, ಓದಿದ್ದನ್ನು ನೆನಪಿನಿಂದ ಬರೆಯಲು ಯತ್ನಿಸಿದ್ದವರೇ ಮುಂದಿದ್ದರು. ಆದ್ದರಿಂದ ಪ್ರತಿ ವಿಭಾಗ ಮುಗಿದೊಡನೆ ಪಿಡಿಎಫ್ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿರುವುದನ್ನು ಬರೆಯಿರಿ. ಬರೆಯಲು ಬಾರದ ಭಾಗವೇ ಮತ್ತೆ ಓದಬೇಕಾದ ಭಾಗ.

ಹೊಸ ಓದುಗ:
ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಫೋಲ್ಡರಿನಲ್ಲಿ ಓಪನ್‌ಸ್ಟ್ಯಾಕ್ಸ್‌ನ ಸಂಖ್ಯಾಶಾಸ್ತ್ರದ ಪುಸ್ತಕವೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬೇರೆಡೆಗೆ ಸಾಗಿಸಿದೆ. ಕಲನಶಾಸ್ತ್ರ ಇದರ ನಂತರ. ಸಂಭವನೀಯತೆಯ ಅಧ್ಯಾಯದಲ್ಲಿ ಬೆಸ ಸಂಖ್ಯೆಯ 11 ಲೆಕ್ಕಗಳನ್ನು ಮಾಡಿದೆ, 6 ಸರಿಬಂದವು. ತಪ್ಪಿದ 5ರ ಪೈಕಿ 4ರಲ್ಲಿ ಒಂದೇ ದೋಷ: ಎರಡು ಘಟನೆಗಳು ಪರಸ್ಪರ ಸ್ವತಂತ್ರವೇ (ಒಂದು ನಡೆದರೆ ಇನ್ನೊಂದರ ಸಂಭವನೀಯತೆ ಬದಲಾಗುವುದಿಲ್ಲವೇ) ಎಂದು ನೋಡದೆಯೇ ಸಂಭವನೀಯತೆಗಳನ್ನು ಗುಣಿಸಿಬಿಟ್ಟಿದ್ದೆ. ನಾಳೆ ಆ ನಾಲ್ಕನ್ನು ಪುಸ್ತಕ ಮುಚ್ಚಿ ಮತ್ತೆ ಮಾಡುತ್ತೇನೆ.